ವರ್ತಕ ಸಂಘವೂ ಸಣ್ಣ ಅಂಗಡಿಕಾರನೂ

(ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಮಠದ ಮಹೋತ್ಸವದ ವೇದಿಕೆಯಲ್ಲಿ ಅಂಗಡಿ, ತಕ್ಕಡಿ, ಗಿರಾಕಿ, ಲಾಭಗಳ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಈ ಮಹೋತ್ಸವಕ್ಕೆ ಅಕ್ಕಿ ಬೇಳೆಗಳನ್ನು ತಂದವರು, ಚಪ್ಪರವನ್ನು ಹಾಕಿದವರು, ದೀಪಗಳನ್ನು ಕಟ್ಟಿದವರು, ದಾಸೋಹಕ್ಕೆ ಎಣ್ಣೆಯ ಡಬ್ಬಿಗಳನ್ನು ಹೊತ್ತು ತಂದವರು ಯಾರೆಂದು ವಿಚಾರಿಸಿದರೆ, ಅವರಲ್ಲಿ ಬಹುಜನರು ಪೇಟೆಯ ಸಣ್ಣ ವ್ಯಾಪಾರಿಗಳೂ ಕಸುಬುದಾರರೂ ಎಂಬದು ತಿಳಿದುಬರುವದು. ಅವರ ಕಾಯಕವು ಕುಂದಿದರೆ ದಾಸೋಹದ ಒಲೆಯೂ ಕುಂದುವದು. ಆದುದರಿಂದ ಅವರ ಅಂಗಡಿಯ ಬಾಗಿಲು ತೆರೆದಿರುವದು ಹೇಗೆ ಎಂಬ ವಿಚಾರವು ಮಠದ ಹೊಸ್ತಿಲಿಗೆ ದೂರವಾದ ವಿಚಾರವಲ್ಲ.

ಸಣ್ಣ ಅಂಗಡಿಕಾರನ ಕಷ್ಟವು ಎಲ್ಲರೂ ಬಲ್ಲದ್ದೇ ಆಗಿದೆ. ಅವನ ಸರಕು ಚೊಕ್ಕಟವಾಗಿರುತ್ತದೆ, ತೂಕವು ಸರಿಯಾಗಿರುತ್ತದೆ, ಆದರೆ ಅದನ್ನು ಬಲ್ಲವರು ಅವನ ಓಣಿಯ ಹತ್ತು ಮನೆಯವರು ಮಾತ್ರ. ದೊಡ್ಡ ಕಂಪನಿಯು ತನ್ನ ಹೆಸರನ್ನು ಊರ ಗೋಡೆಗಳ ಮೇಲೆಲ್ಲ ಬರೆಯಿಸಬಲ್ಲದು. ಈಗಿನ ಕಾಲದಲ್ಲಿ ಪ್ರತಿಯೊಬ್ಬನ ಅಂಗೈಯಲ್ಲಿರುವ ಮೊಬೈಲಿನಲ್ಲಿಯೂ ತೋರಿಸಬಲ್ಲದು. ಸಣ್ಣವನಿಗೆ ಅಷ್ಟು ದ್ರವ್ಯಬಲವೆಲ್ಲಿ? ಹೀಗಿರಲು ಅವನು ಎರಡು ತಪ್ಪುಗಳಲ್ಲಿ ಒಂದಕ್ಕೆ ಬೀಳುತ್ತಾನೆ. ಒಂದನೆಯದು, ಸಾಲ ಮಾಡಿ ಜಾಹೀರಾತು ಕೊಟ್ಟು ತನ್ನನ್ನು ತಾನೇ ಹೊಗಳಿಕೊಳ್ಳುವದು. ಎರಡನೆಯದು, ಒಳ್ಳೆಯ ಸರಕಿಗೆ ಗಿರಾಕಿ ತಾನಾಗಿಯೇ ಬರುವನೆಂದು ಗಲ್ಲಾಪೆಟ್ಟಿಗೆಯ ಮುಂದೆ ಸುಮ್ಮನೆ ಕುಳಿತುಬಿಡುವದು. ಮೊದಲನೆಯದರಿಂದ ಸಾಲವು ಬೆಳೆಯುವದು. ಎರಡನೆಯದರಿಂದ ಧೂಳು ಬೆಳೆಯುವದು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಅದು ತನ್ನ ಊರಿನ ವರ್ತಕ ಸಂಘವನ್ನು ಸೇರಿ, ಅದರಲ್ಲಿ ದುಡಿದು, ಅದರ ಮೂಲಕ ಜನರ ವಿಶ್ವಾಸವನ್ನು ಸಂಪಾದಿಸುವದು. ಈ ದಾರಿಯ ವಿಚಾರವೇ ಇಂದಿನ ವಿಷಯವು.

ಈ ದಾರಿಯು ಪರದೇಶದಿಂದ ಬಂದ ಹೊಸತೆಂದು ಯಾರೂ ತಿಳಿಯಬಾರದು. ಮಲಪ್ರಭಾ ತೀರದ ಐಹೊಳೆಯು ಇಂದು ಗುಡಿಗಳನ್ನು ನೋಡಲು ಹೋಗುವವರಿಗೆ ಪರಿಚಿತವಾದ ಒಂದು ಸಣ್ಣ ಊರು. ಆದರೆ ಅಯ್ಯಾವೊಳೆಯೆಂಬ ಅದರ ಹಳೆಯ ಹೆಸರನ್ನು ಹೊತ್ತ ವರ್ತಕ ಸಮುದಾಯವು ಕೆಲವು ಶತಮಾನಗಳ ಕಾಲ ದಕ್ಷಿಣದೇಶದಲ್ಲೆಲ್ಲ ವ್ಯಾಪಿಸಿತ್ತು. ಅಯ್ಯಾವೊಳೆಯ ಐನೂರ್ವರು ಎಂದು ಶಾಸನಗಳು ಕರೆಯುವದು ಇವರನ್ನೇ. ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿಯೂ ಸಿಂಹಳದಲ್ಲಿಯೂ ಇವರ ಶಾಸನಗಳು ದೊರೆತಿವೆ. ಸಮುದ್ರದಾಚೆ ಸುಮಾತ್ರಾ ದ್ವೀಪದ ಬರೂಸಿನ ಹತ್ತಿರ ಶಕ 1010ರ, ಎಂದರೆ ಕ್ರಿ. ಶ. 1088ರ, ತಮಿಳು ಶಾಸನವೊಂದು ಇದೇ ಐನೂರ್ವರ ಹೆಸರನ್ನು ಹೇಳುತ್ತದೆ. ಶಿಕಾರಿಪುರ ತಾಲೂಕಿನ ಹನ್ನೊಂದನೆಯ ಶತಮಾನದ ಶಾಸನವು ಇವರು ಒಯ್ಯುತ್ತಿದ್ದ ಆನೆ, ಕುದುರೆ, ಮುತ್ತು, ಮಾಣಿಕ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಇಷ್ಟು ದೂರದ ನಾಡಿನಲ್ಲಿ ಪರಿಚಯವಿಲ್ಲದ ಜನರ ನಡುವೆ ವರ್ತಕನು ತನ್ನ ಹೇರನ್ನು ಇಳಿಸಿದಾಗ ಅವನಿಗೆ ಬೆಲೆಯನ್ನು ತಂದುಕೊಡುತ್ತಿದ್ದುದು ಅವನೊಬ್ಬನ ಹೆಸರು ಮಾತ್ರವಲ್ಲ, ಅವನ ಸಮುದಾಯದ ಹೆಸರು.

ಶಾಸನಗಳಲ್ಲಿ ಇಂಥ ಕೂಟಕ್ಕೂ ಅದರ ಕಟ್ಟಳೆಗೂ ‘ಸಮಯ’ವೆಂಬ ಶಬ್ದವು ಬಳಕೆಯಾಗಿದೆ. ಸಮಯವೆಂದರೆ ಒಡಂಬಡಿಕೆ. ಒಡಂಬಡಿಕೆಯಿದ್ದಲ್ಲಿ ಸಂಘವುಂಟು, ಅದು ಮುರಿದಲ್ಲಿ ಸಂಘವಿಲ್ಲವೆಂಬ ಭಾವವು ಆ ಶಬ್ದದಲ್ಲಿಯೇ ಅಡಗಿದೆ. ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ಅವರು ತಮ್ಮನ್ನು ಹೇಳಿಕೊಳ್ಳುತ್ತಿದ್ದರು. ದೊಡ್ಡ ವರ್ತಕರು ಮಾತ್ರವಲ್ಲ, ಗಾಣದ ತೆಲ್ಲಿಗರೂ ತಮ್ಮ ಐವತ್ತೊಕ್ಕಲಿನ ಕೂಟವನ್ನು ಕಟ್ಟಿಕೊಂಡಿದ್ದುದನ್ನು ಶಾಸನಗಳು ತಿಳಿಸುತ್ತವೆ. ಇವರು ತಾವು ಮಾರುವ ಸರಕಿನ ಮೇಲೆ, ಹೇರಿಗಿಷ್ಟು ಗಾಣಕ್ಕಿಷ್ಟು ಎಂದು ತಾವೇ ಆಯವನ್ನು ಗೊತ್ತುಮಾಡಿ ಧರ್ಮಕಾರ್ಯಕ್ಕೆ ಬಿಡುತ್ತಿದ್ದರು. ಗದಗ ಜಿಲ್ಲೆಯ ಡಂಬಳದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, 1095ನೆಯ ಇಸವಿಯ ಸುಮಾರಿನ ಶಾಸನವೊಂದು ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಪೇಟೆಯ ಜನರು ಒಂದಾಗಿ ಮಾಡಿದ ಧರ್ಮವು ಅವರ ಹೆಸರನ್ನು ಒಂಬೈನೂರು ವರ್ಷಗಳ ಮೇಲೆಯೂ ಉಳಿಸಿದೆ. ಇದಕ್ಕಿಂತ ಹೆಚ್ಚು ಬಾಳುವ ಜಾಹೀರಾತು ಯಾವದುಂಟು?

ಆ ಹಳೆಯ ಸಮುದಾಯಗಳು ಕಾಲಾಂತರದಲ್ಲಿ ಕ್ಷೀಣಿಸಿದವು. ಆದರೆ ಒಂದಾಗಬೇಕೆಂಬ ಬುದ್ಧಿಯು ಅಳಿಯಲಿಲ್ಲ. 1905ನೆಯ ಇಸವಿಯಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಹಕಾರ ಸಂಘವು ಸಾಲಗಾರರಿಗೆ ಆಸರೆಯಾಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಲವು ಹುಟ್ಟಿ, ಮುಂದೆ ಇಡೀ ಕರ್ನಾಟಕದ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಮಹಾಮಂಡಲವಾಗಿ ಬೆಳೆಯಿತು. ಹುಬ್ಬಳ್ಳಿಯಲ್ಲಿ 1928ರಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಹುಟ್ಟಿತು. ಸಣ್ಣ ಕೈಗಾರಿಕೆಗಳವರಿಗಾಗಿ ಬೆಂಗಳೂರಿನಲ್ಲಿ 1949ರಲ್ಲಿ ಕಾಸಿಯಾ ಎಂಬ ಸಂಘವು ಏರ್ಪಟ್ಟಿತು. ಇವು ದೊಡ್ಡ ಮರಗಳು. ಇವುಗಳ ನೆರಳಿನಲ್ಲಿಯೂ ಹೊರಗೂ ತಾಲೂಕಿನ ಊರುಗಳಲ್ಲಿ ಕಿರಾಣಿ ವರ್ತಕರ ಸಂಘ, ಬಟ್ಟೆ ವ್ಯಾಪಾರಿಗಳ ಸಂಘ, ಖಾನಾವಳಿಯವರ ಸಂಘ ಮೊದಲಾದ ಸಣ್ಣ ಗಿಡಗಳುಂಟು. ಸಣ್ಣ ಅಂಗಡಿಕಾರನ ಕೈಗೆ ನಿಲುಕುವವು ಈ ಗಿಡಗಳೇ.

ಇನ್ನು ಸಂಘವನ್ನು ಸೇರಿದರೆ ವ್ಯಾಪಾರವು ಹೇಗೆ ಬೆಳೆಯುವದು ಎಂಬ ಪ್ರಶ್ನೆಗೆ ಬರಬಹುದು. ಇದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಿರಿ.

ತಾಲೂಕಿನ ಊರೊಂದರಲ್ಲಿ ಗಾಣದವನೊಬ್ಬನಿದ್ದಾನೆ. ತಂದೆಯ ಕಾಲದಿಂದ ಶೇಂಗಾ ಮತ್ತು ಕುಸುಬೆಯ ಎಣ್ಣೆಯನ್ನು ತೆಗೆದು ಮಾರುತ್ತಾನೆ. ದೂರದ ಕಾರಖಾನೆಯ ಎಣ್ಣೆಯು ಹೊಳೆಯುವ ಚೀಲಗಳಲ್ಲಿ ಅಗ್ಗವಾಗಿ ಬಂದ ಮೇಲೆ ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಹಿಂಡಿಯನ್ನು ಕೊಳ್ಳುವ ದನಗಾರರು ಬರುತ್ತಾರೆ, ಎಣ್ಣೆಯನ್ನು ಕೇಳುವವರು ಬರುವದಿಲ್ಲ. ಮಗನು ಗಾಣವನ್ನು ಮಾರಿ ಪಟ್ಟಣಕ್ಕೆ ಹೋಗೋಣವೆನ್ನುತ್ತಾನೆ. ಆಗ ನೆರೆಯ ಅಂಗಡಿಯ ಹಿರಿಯರೊಬ್ಬರು, “ತಮ್ಮಾ, ವರ್ಷವೊಂದು ತಡೆ. ಸಂಘಕ್ಕೆ ಸೇರು. ಹನ್ನೆರಡು ತಿಂಗಳು ತಪ್ಪದೆ ಸಭೆಗೆ ಬಾ. ಆ ಮೇಲೆ ನಿನ್ನ ಮನಸ್ಸಿನಂತೆ ಮಾಡು,” ಎಂದು ಹೇಳುತ್ತಾರೆ. ಅವನು ವರ್ಗಣಿಯನ್ನು ತುಂಬಿ ಸದಸ್ಯನಾಗುತ್ತಾನೆ.

ಮೊದಲನೆಯ ಸಭೆಗೆ ಅವನು ತನ್ನ ಎಣ್ಣೆಯ ಗುಣಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾನೆ. ಎಲ್ಲರಿಗೂ ಅದನ್ನೇ ಹೇಳುತ್ತಾನೆ. ಜನರು ತಲೆಯಲ್ಲಾಡಿಸಿ ಸರಿಯುತ್ತಾರೆ. ಮೂರು ತಿಂಗಳು ಕಳೆದರೂ ಒಂದು ಸೇರು ಎಣ್ಣೆಯೂ ಹೆಚ್ಚಾಗಿ ಹೋಗುವದಿಲ್ಲ. ವರ್ಗಣಿಯು ನೀರಿಗೆ ಹೋಯಿತೆಂದು ಅವನು ನೊಂದುಕೊಳ್ಳುತ್ತಾನೆ. ಅಷ್ಟರಲ್ಲಿ ಊರ ಜಾತ್ರೆಯು ಬರುತ್ತದೆ. ಬಂದವರಿಗೆ ಕುಡಿಯುವ ನೀರಿನ ವ್ಯವಸ್ಥೆಯನ್ನು ಸಂಘವು ವಹಿಸಿಕೊಳ್ಳುತ್ತದೆ. ಆ ಕೆಲಸಕ್ಕೆ ಯಾರೂ ಮುಂದೆ ಬಾರದಿರಲು ಗಾಣದವನು ಒಪ್ಪಿಕೊಳ್ಳುತ್ತಾನೆ. ಐದು ದಿನ ನಸುಕಿನಲ್ಲಿ ಎದ್ದು ಕೊಡಗಳನ್ನು ತೊಳೆಯಿಸಿ, ನೀರು ತುಂಬಿಸಿ, ರಾತ್ರಿ ಲೆಕ್ಕವನ್ನು ಕಾರ್ಯದರ್ಶಿಗೆ ಒಪ್ಪಿಸುತ್ತಾನೆ. ಆ ಐದು ದಿನಗಳಲ್ಲಿ ಎಣ್ಣೆಯ ಮಾತನ್ನು ಅವನು ಒಮ್ಮೆಯೂ ಎತ್ತುವದಿಲ್ಲ. ಎತ್ತಲು ಪುರಸತ್ತೂ ಇರುವದಿಲ್ಲ.

ಜಾತ್ರೆ ಮುಗಿದ ಮರುವಾರ ಖಾನಾವಳಿಯ ತಾಯಿಯೊಬ್ಬಳು, ನೀರಿನ ಕೊಡವನ್ನು ಇಷ್ಟು ಚೊಕ್ಕಟವಾಗಿ ಇಟ್ಟವನು ಗಾಣವನ್ನು ಹೊಲಸಾಗಿ ಇಡಲಾರನೆಂದು ಬಗೆದು ಒಂದು ಡಬ್ಬಿ ಎಣ್ಣೆಯನ್ನು ತರಿಸುತ್ತಾಳೆ. ಅವಳ ಬದನೆಯ ಪಲ್ಯವನ್ನು ಉಂಡ ಮಿಠಾಯಿ ಅಂಗಡಿಯವನು ಎಣ್ಣೆ ಎಲ್ಲಿಯದೆಂದು ಕೇಳುತ್ತಾನೆ. ಹೀಗೆ ಒಂದು ಬಾಯಿಂದ ಇನ್ನೊಂದು ಕಿವಿಗೆ ಹೆಸರು ನಡೆಯುತ್ತದೆ. ಸಂಘದಲ್ಲಿ ಲೆಕ್ಕ ಬಲ್ಲವರೊಬ್ಬರು, ಆಹಾರ ಸುರಕ್ಷತೆಯ 2006ರ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕೆಂದೂ, ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುವದನ್ನು ಬಿಟ್ಟು ಮುಚ್ಚಿದ ಡಬ್ಬಿಗೆ ಚೀಟಿ ಹಚ್ಚಿ ಮಾರಬೇಕೆಂದೂ ತಿಳಿಸಿ ಅರ್ಜಿಯನ್ನು ತುಂಬಲು ನೆರವಾಗುತ್ತಾರೆ. ಒಬ್ಬನೇ ಇದ್ದಿದ್ದರೆ ಈ ತಿಳುವಳಿಕೆಯು ದಂಡವನ್ನು ತೆತ್ತ ಮೇಲೆ ಬರುತ್ತಿತ್ತು.

ಆದರೆ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಒಂದು ಮಳೆಗಾಲದಲ್ಲಿ ಮುಗ್ಗಿದ ಶೇಂಗಾ ಚೀಲವೊಂದು ತಿಳಿಯದೆ ಗಾಣಕ್ಕೆ ಬಿತ್ತು. ಡಬ್ಬಿಗಳು ಹೊರಗೆ ಹೋದ ಮೇಲೆ ಅವನಿಗೆ ಅದು ಗೊತ್ತಾಯಿತು. ಯಾರೂ ಇನ್ನೂ ದೂರಿರಲಿಲ್ಲ. ಸುಮ್ಮನಿದ್ದರೆ ನಡೆದುಹೋಗಬಹುದೆಂದು ಮಗನೆಂದನು. ತಿರುಗಿ ತರಿಸಿದರೆ ಆ ತಿಂಗಳ ಸಂಪಾದನೆಯೆಲ್ಲ ಹೋಗುವದು. ಹೇಳಿದರೆ ಹೆಸರೂ ಹೋಗುವದೆಂಬ ಅಂಜಿಕೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ಅವನು ಗಿರಾಕಿಗಳ ಮನೆಮನೆಗೆ ಹೋಗಿ, ಡಬ್ಬಿಗಳನ್ನು ಹಿಂದಕ್ಕೆ ತಂದು, ಹಣವನ್ನು ಕೊಟ್ಟನು. ಸಂಜೆಯ ಸಭೆಯಲ್ಲಿ ಎದ್ದು ನಿಂತು, ತಪ್ಪು ಹೇಗೆ ಆಯಿತೆಂಬದನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಸಭೆಯು ಕ್ಷಣಕಾಲ ಸುಮ್ಮನಾಯಿತು. ಬಳಿಕ ಮಿಠಾಯಿಯವನು, “ಬರುವ ತಿಂಗಳಿಂದ ನನಗೆ ಎರಡು ಡಬ್ಬಿ ಹೆಚ್ಚಿಗೆ ಕಳಿಸು,” ಎಂದನು. ಗಾಣದವನು ಇದರಿಂದ ಲಕ್ಷಾಧೀಶನಾಗಲಿಲ್ಲ. ಗಾಣವು ನಿಲ್ಲಲಿಲ್ಲ, ಮಗನು ಊರನ್ನು ಬಿಡಲಿಲ್ಲ. ಸಣ್ಣ ವ್ಯಾಪಾರಕ್ಕೆ ಇದೇನು ಕಡಿಮೆಯ ಫಲವೆ?

ಈ ದೃಷ್ಟಾಂತದ ತಾತ್ಪರ್ಯವು ಇಷ್ಟು: ಸಂಘದ ಸದಸ್ಯತ್ವವು ಗಿರಾಕಿಯನ್ನು ಕೊಡುವದಿಲ್ಲ, ನಾಲ್ಕು ಜನರು ತನ್ನ ನಡತೆಯನ್ನು ನೋಡುವ ಸ್ಥಳವನ್ನು ಕೊಡುವದು. ನಡತೆಯು ಒಳ್ಳೆಯದಾದರೆ ಗಿರಾಕಿಯು ಅದರ ಬೆನ್ನ ಹಿಂದೆ ಬರುವನು. ಕೆಟ್ಟದಾದರೆ ಅದೇ ಸ್ಥಳದಲ್ಲಿ ಕೆಟ್ಟ ಹೆಸರೂ ಅಷ್ಟೇ ಬೇಗ ಬರುವದು.

ಈ ಸತ್ಯವನ್ನು ಪರದೇಶದವರೂ ಅನುಭವದಿಂದ ಕಂಡುಕೊಂಡಿದ್ದಾರೆ. ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ 1905ನೆಯ ಇಸವಿಯ ಫೆಬ್ರುವರಿ 23ರಂದು ಪಾಲ್ ಹ್ಯಾರಿಸನೆಂಬ ವಕೀಲನೂ, ಕಲ್ಲಿದ್ದಲಿನ ವ್ಯಾಪಾರಿ, ಗಣಿಯ ಇಂಜಿನಿಯರ, ದರ್ಜಿಯ ಅಂಗಡಿಯವ ಇವರು ಮೂವರೂ ಕೂಡಿ ಒಂದು ಕೂಟವನ್ನು ಆರಂಭಿಸಿದರು. ಸಭೆಯು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದ ಅದಕ್ಕೆ ರೋಟರಿಯೆಂಬ ಹೆಸರಾಯಿತು. ಒಂದು ಕಸುಬಿಗೆ ಒಬ್ಬನೇ ಸದಸ್ಯ, ಸದಸ್ಯರು ತಮ್ಮ ತಮ್ಮೊಳಗೆ ವ್ಯಾಪಾರವನ್ನು ಕೊಟ್ಟು ತೆಗೆದುಕೊಳ್ಳತಕ್ಕದ್ದು, ಎಂಬದು ಮೊದಲ ದಿನಗಳ ಪದ್ಧತಿ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರವಾಯಿತೆಂದು ಲೆಕ್ಕವಿಡಲು ಒಬ್ಬ ಅಧಿಕಾರಿಯೂ ಇದ್ದನು. 1906ರಲ್ಲಿ ಡೊನಾಲ್ಡ್ ಕಾರ್ಟರನೆಂಬ ವಕೀಲನನ್ನು ಸದಸ್ಯನಾಗಲು ಕರೆದಾಗ, ತಮಗಾಗಿ ಮಾತ್ರ ಇರುವ ಕೂಟವು ಬಾಳಲಾರದು, ಊರಿಗೂ ಏನಾದರೂ ಉಪಕಾರ ಮಾಡಬೇಕು, ಎಂಬ ಭಾವದಿಂದ ಅವನು ಸೇರಲು ಒಪ್ಪಲಿಲ್ಲ. ಕೂಟದವರು ಸಿಟ್ಟಾಗದೆ ಆ ಮಾತನ್ನು ಒಪ್ಪಿ, ಪಟ್ಟಣದ ಹಿತವನ್ನೂ ತಮ್ಮ ಉದ್ದೇಶಗಳಲ್ಲಿ ಸೇರಿಸಿದರು. ಮುಂದೆ ಅವರು ಮಾಡಿದ ಮೊದಲ ಲೋಕೋಪಯೋಗಿ ಕಾರ್ಯವು ಪಟ್ಟಣದಲ್ಲಿ ಸಾರ್ವಜನಿಕ ಶೌಚಗೃಹವನ್ನು ಏರ್ಪಡಿಸಲು ಯತ್ನಿಸಿದ್ದು. ಹೆಸರನ್ನು ಬಯಸುವವರು ಸಾಮಾನ್ಯವಾಗಿ ಆರಿಸಿಕೊಳ್ಳುವ ಕೆಲಸವಿದಲ್ಲ! ಆದರೂ ಆ ಕೂಟವು ಲೋಕವನ್ನೆಲ್ಲ ಮುಟ್ಟಿತು.

ಇನ್ನು ಸದಸ್ಯನು ಪಾಲಿಸತಕ್ಕ ಕೆಲವು ಕ್ರಮಗಳನ್ನು ಹೇಳುವದು ಉಚಿತವು. ಸೇರುವದಕ್ಕೆ ಮುಂಚೆ ಸಂಘದ ನಿಯಮಾವಳಿಯನ್ನು ಓದತಕ್ಕದ್ದು. ಅದು ಕಾಯಿದೆಯಂತೆ ನೋಂದಣಿಯಾಗಿದೆಯೋ, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯು ಕೂಡುತ್ತದೆಯೋ, ಜಮಾಖರ್ಚಿನ ತಪಾಸಣೆಯು ನಡೆಯುತ್ತದೆಯೋ ನೋಡತಕ್ಕದ್ದು. ಹೆಸರು ಮಾಡಿದ ನಾಲ್ಕು ಸಂಘಗಳಿಗೆ ವರ್ಗಣಿಯನ್ನು ತುಂಬಿ ಒಂದಕ್ಕೂ ಹೋಗದಿರುವದಕ್ಕಿಂತ, ಹತ್ತಿರದ ಒಂದಕ್ಕೆ ಸೇರಿ ತಪ್ಪದೆ ಹೋಗುವದು ಲೇಸು. ತನ್ನ ಸರಕಿನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿ, ಉಳಿದ ಹೊತ್ತು ಇತರರ ಸರಕಿನ ವಿಷಯವನ್ನು ಕೇಳತಕ್ಕದ್ದು. ತನ್ನ ಗಿರಾಕಿಗೆ ತನ್ನಲ್ಲಿಲ್ಲದ ವಸ್ತು ಬೇಕಾದಾಗ ಸಂಘದ ಯೋಗ್ಯ ಸದಸ್ಯನ ಅಂಗಡಿಯನ್ನು ತೋರಿಸತಕ್ಕದ್ದು; ಆದರೆ ಸರಕು ಕೆಟ್ಟದೆಂದು ಗೊತ್ತಿದ್ದೂ ಸದಸ್ಯನೆಂಬ ಮಾತ್ರಕ್ಕೆ ಕಳಿಸಬಾರದು. ಹಾಗೆ ಕಳಿಸಿದರೆ ಇಬ್ಬರ ಹೆಸರೂ ಕೆಡುವದು. ಸಂಘದ ಸದಸ್ಯರ ಯಾದಿಯಲ್ಲಿ ತನ್ನ ಅಂಗಡಿಯ ಹೆಸರು, ಸ್ಥಳ, ಫೋನು ಸರಿಯಾಗಿ ಅಚ್ಚಾಗಿವೆಯೋ ಎಂದು ತಾನೇ ನೋಡಿಕೊಳ್ಳತಕ್ಕದ್ದು. ಒಬ್ಬನಿಗೆ ಭಾರವಾದ ಜಾಹೀರಾತನ್ನು ಹತ್ತು ಅಂಗಡಿಗಳವರು ಕೂಡಿ ಕೊಡಬಹುದು. ಪ್ರದರ್ಶನದಲ್ಲಿ ಒಂದೇ ಮಳಿಗೆಯನ್ನು ಹಂಚಿಕೊಳ್ಳಬಹುದು. ಹೊಸ ಗಿರಾಕಿಯು ಬಂದಾಗ, ಯಾರು ಹೇಳಿದ್ದರಿಂದ ಬಂದಿರೆಂದು ವಿನಯದಿಂದ ಕೇಳಿ ವಹಿಯಲ್ಲಿ ಬರೆದಿಡತಕ್ಕದ್ದು. ವರ್ಷದ ಕೊನೆಗೆ ಆ ವಹಿಯೇ ಸಂಘದಿಂದಾದ ಲಾಭವನ್ನು ಹೇಳುವದು, ಊಹೆಯು ಬೇಕಾಗಲಾರದು.

ಕಾಯಿದೆಯ ವಿಷಯದಲ್ಲಿಯೂ ಸಂಘದಿಂದ ದೊಡ್ಡ ಉಪಕಾರವುಂಟು. ಸಣ್ಣವನನ್ನು ಕೊಲ್ಲುವದು ಎಷ್ಟೋ ಸಲ ನಷ್ಟವಲ್ಲ, ಬಾಕಿಯು. 2006ರ ಕಾಯಿದೆಯಂತೆ ನೋಂದಾಯಿತರಾದ ಸಣ್ಣ ಉತ್ಪಾದಕರಿಗೆ ಕೊಳ್ಳುವವರು, ಲಿಖಿತ ಕರಾರು ಇದ್ದರೂ, 45 ದಿನಗಳಿಗಿಂತ ಹೆಚ್ಚು ಕಾಲ ಹಣವನ್ನು ತಡೆಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಏರುವದು. ಗಾಣದವನು ಇದರ ಆಸರೆಯನ್ನು ಪಡೆಯಬಲ್ಲನು. ಆದರೆ ಕೊಂಡು ಮಾರುವ ಬರಿಯ ವ್ಯಾಪಾರಿಗೆ 2021ರಲ್ಲಿ ನೋಂದಣಿಯು ದೊರೆತದ್ದು ಬ್ಯಾಂಕಿನ ಸಾಲದ ಅನುಕೂಲಕ್ಕಾಗಿ ಮಾತ್ರ. ಈ ಭೇದವನ್ನು ತಿಳಿಯದೆ ಮೋಸಹೋಗಬಾರದು. ಇನ್ನೊಂದು ವಿಷಯ: ಇಳಕಲ್ ಸೀರೆ, ಧಾರವಾಡದ ಪೇಢೆ, ಬ್ಯಾಡಗಿಯ ಮೆಣಸಿನಕಾಯಿ ಇವುಗಳ ಊರಿನ ಹೆಸರಿಗೆ ಭೌಗೋಳಿಕ ಗುರುತೆಂಬ ಕಾಯಿದೆಯ ರಕ್ಷಣೆಯು ದೊರೆತಿದೆ. 1999ರ ಆ ಕಾಯಿದೆಯಲ್ಲಿ ಒಬ್ಬನೇ ನೇಕಾರನು ಊರ ಹೆಸರನ್ನು ತನ್ನದೆಂದು ಕೇಳುವಂತಿಲ್ಲ; ಉತ್ಪಾದಕರ ಸಂಘವೋ ಸಂಸ್ಥೆಯೋ ಅಧಿಕೃತ ಮಂಡಲಿಯೋ ಕೇಳತಕ್ಕದ್ದು. ಬಳಿಕ ಒಬ್ಬೊಬ್ಬನು ಅಧಿಕೃತ ಬಳಕೆದಾರನಾಗಿ ಹೆಸರನ್ನು ದಾಖಲಿಸಬಹುದು. ಊರ ಹೆಸರು ಒಬ್ಬನ ಆಸ್ತಿಯಲ್ಲ, ಕೂಡಿದವರ ಆಸ್ತಿ ಎಂಬದನ್ನು ಕಾಯಿದೆಯೇ ಒಪ್ಪಿದಂತಾಯಿತು.

ಸಂಘಗಳಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವು ಕಡೆ ನಾಲ್ಕು ಜನ ಧನಿಕರೇ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧ್ಯಕ್ಷರಾಗಿ ಸರದಿಯಂತೆ ಕುಳಿತಿರುತ್ತಾರೆ. ಸಣ್ಣವನು ಹಿಂದಿನ ಸಾಲಿನಲ್ಲಿ ಕೈಚಪ್ಪಾಳೆಗೆ ಮಾತ್ರ. ಕೆಲವು ಕಡೆ ಅಂಗಡಿ ನಡೆಸುವ ಹೆಣ್ಣುಮಕ್ಕಳಿಗೆ ಕುರ್ಚಿಯೇ ಇಲ್ಲ. ಕೆಲವು ಕಡೆ ಜಾತಿಯನ್ನು ನೋಡಿ ಬಾಗಿಲನ್ನು ತೆರೆಯುವರು. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ಶರಣರಿಂದ ಕಲಿತ ಜನರಿಗೆ ಇದು ನಾಚಿಕೆಯ ಸಂಗತಿ. ಎಲ್ಲಕ್ಕಿಂತ ಕೆಟ್ಟದ್ದು, ಸದಸ್ಯರು ಒಳಗೊಳಗೇ ಕೂಡಿ ದರವನ್ನು ಏರಿಸುವ ಕಟ್ಟು. ಇದು 2002ರ ಸ್ಪರ್ಧಾ ಕಾಯಿದೆಗೆ ವಿರುದ್ಧವು. ಅದಕ್ಕೂ ಮೊದಲು ಧರ್ಮಕ್ಕೆ ವಿರುದ್ಧವು. ಬಡವನ ಚೀಲವನ್ನು ಹಗುರಮಾಡಲು ಕೂಡುವ ಕೂಟವು ಸಂಘವಲ್ಲ, ಸಂಚು. ಇಂಥ ಠರಾವು ಬಂದಾಗ ಒಬ್ಬನಾದರೂ ಎದ್ದು ಬೇಡವೆನ್ನಬೇಕು; ಆ ಒಬ್ಬನು ಮಠದ ಶಿಷ್ಯನಾಗಿದ್ದರೆ ಮಠಕ್ಕೂ ಕೀರ್ತಿಯು.

ಭಕ್ತಮಹಾಶಯರೇ, ದೊಡ್ಡ ಬಂಡವಾಳವಿಲ್ಲದವನಿಗೂ ಮೂರು ಬಂಡವಾಳಗಳುಂಟು: ಸರಿಯಾದ ತೂಕ, ತಪ್ಪದ ಮಾತು, ಊರ ಕೆಲಸಕ್ಕೆ ಮುಂದಾಗುವ ಕೈ. ಮನೆಯಲ್ಲಿ ಮುಚ್ಚಿಟ್ಟರೆ ಇವು ಯಾರಿಗೂ ಕಾಣುವದಿಲ್ಲ. ಸಂಘವೆಂಬ ಕಟ್ಟೆಯ ಮೇಲೆ ಇಟ್ಟರೆ ಊರೆಲ್ಲ ಕಾಣುವದು. ಆದುದರಿಂದ ಈ ಉತ್ಸವವನ್ನು ಮುಗಿಸಿಕೊಂಡು ಊರಿಗೆ ತೆರಳಿದ ಮೇಲೆ, ಸಂಘವಿದ್ದವರು ಮುಂದಿನ ಸಭೆಗೆ ತಪ್ಪದೆ ಹೋಗಿರಿ. ಜೊತೆಯಲ್ಲಿ ನೆರೆಯ ಸಣ್ಣ ಅಂಗಡಿಯವನನ್ನೂ ಕರೆದೊಯ್ಯಿರಿ. ಸಂಘವಿಲ್ಲದವರು ಐದಾರು ಮಂದಿ ಒಂದು ಸಂಜೆ ಕೂಡಿ ಕುಳಿತು, ಊರಿಗೆ ಬೇಕಾದ ಒಂದು ಸಣ್ಣ ಕೆಲಸವನ್ನು ಮೊದಲು ಕೈಕೊಳ್ಳಿರಿ. ವ್ಯಾಪಾರದ ಮಾತು ಅದರ ಹಿಂದೆ ತಾನಾಗಿಯೇ ಬರುವದು.